ಮೂರು ಮೀಟರಿನಲ್ಲಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ:
ಎಪ್ಪತ್ತಮೂರರ ನನ್ನ ಗಂಡ
ಈ ಚಳಿಗಾಲವಿಡೀ ಕಡಲ ತಳದಲ್ಲೊಂದು ಮನೆ ಕಟ್ಟುತ್ತಿದ್ದಾನೆ,
ಉಣ್ಣೆಯ ಕಾಲುಚೀಲ ಹಾಕಿಕೊಂಡು, ಟೀವಿಯ ಮುಂದೆ.

ಆಟ ತಂದುಕೊಟ್ಟವಳು ಮೇಲಿನ ಮಹಡಿಯ ರಾಗ್ನಾ.
"ಇದರಲ್ಲಿ ಯಾರೂ ಸಾಯೋದಿಲ್ಲ,
ಶಾರ್ಕು ಕೂಡ ಮೈಗೆ ಮೈ ಸವರಿ ಹೋಗತ್ತೆ ಅಷ್ಟೆ.
ಉಸಿರಿನ ಲೆಕ್ಕವೇ ಇಲ್ಲ."
ಟೊರ್ಲೈವ್ ನಕ್ಕ. ಉಸಿರಿನ ಲೆಕ್ಕವಿಲ್ಲದ ಸಮುದ್ರವಂತೆ!
ಆಮೇಲೆ ರಾತ್ರಿ ಎರಡಾದರೂ ಕುರ್ಚಿ ಬಿಟ್ಟೇಳಲಿಲ್ಲ.

ಉತ್ತರ ಸಮುದ್ರದಡಿಯ ಎಣ್ಣೆ ಕೊಳವೆಗಳಿಗೆ
ಬೆಸುಗೆ ಹಾಕುತ್ತಿದ್ದವನು ಇವನು.
ತಿಂಗಳುಗಟ್ಟಲೆ ಹಡಗಿನ ಮೇಲೊಂದು ಕಬ್ಬಿಣದ ಡಬ್ಬಿಯಲ್ಲಿ ವಾಸ,
ಒಳಗೆ ಗಾಳಿಯ ಬದಲು ಹೀಲಿಯಂ.
ಹೌಗೆಸುಂದಿನ ಈ ಮನೆಗೆ ಆಗ ಫೋನು ಮಾಡುತ್ತಿದ್ದದ್ದು
ಒಂದು ಬಾತುಕೋಳಿ.
"ಮಗುವಿಗೆ ಹಲ್ಲು ಬಂತಾ?" ಬಾತುಕೋಳಿ ಕೇಳುತ್ತಿತ್ತು.
ನಾನು ನಗುತ್ತಿದ್ದೆ.
ಫೋನಿಟ್ಟು ಅಳುತ್ತಿದ್ದೆ ಅಂದರೆ ಸುಳ್ಳಾದೀತು,
ಒಗೆಯುವ ಬಟ್ಟೆ ರಾಶಿ ಬಿದ್ದಿರುತ್ತಿತ್ತು.

ಅಲ್ಲಿ ಏನು ಕಂಡೆ ಎಂದು ಕೇಳಿದ್ದೆ ಒಂದು ಸಲ.
"ಕತ್ತಲು. ಆಮೇಲೆ ನನ್ನ ಕೈ."
ಎಡಭುಜದೊಳಗೆ ಒಂದು ಮೂಳೆ
ಅವನಿಗಿಂತ ಮೊದಲೇ ಸತ್ತಿದೆ.

ಈಗ ನೋಡಿದರೆ ನೀಲಿಯೋ ನೀಲಿ.
ಹವಳದ ಗಿಡಗಳು, ಹಳದಿ ಮೀನಿನ ಮೆರವಣಿಗೆ,
ಗಾಜಿನ ಗೋಡೆ ಒಂದೊಂದಾಗಿ ಎದ್ದು
ಕೂಡುವಲ್ಲೆಲ್ಲ ಅವನು ನಿಂತು, ಬಗ್ಗಿ, ಪರೀಕ್ಷಿಸುತ್ತಾನೆ,
ಸೋರುವುದೇ ಇಲ್ಲದ ಮನೆಯನ್ನು.
ಅಡುಗೆಮನೆ ಕಟ್ಟಿದ. ಒಲೆ ಇಟ್ಟ.
"ನೀರೊಳಗೆ ಒಲೆ ಯಾಕೋ?"
"ಜಾಗ ಇತ್ತು."

ಮೇಲೆ ಬರುವಾಗ ಮಾತ್ರ ತೆರೆಯ ಮೇಲಿನ ಮನುಷ್ಯ
ನಡುನೀರಲ್ಲಿ ನಿಂತುಬಿಡುತ್ತಾನೆ.
ಯಂತ್ರ ಕೆಟ್ಟಿತೆಂದುಕೊಂಡಿದ್ದೆ ಮೊದಮೊದಲು.
ಒಂಬತ್ತು ಮೀಟರಿನಲ್ಲಿ ಸ್ವಲ್ಪ. ಆರರಲ್ಲಿ ಇನ್ನಷ್ಟು.
ಮೂರರಲ್ಲಿ, ಬಿಸಿಲು ಕೈಗೆ ಸಿಗುವಷ್ಟು ಹತ್ತಿರದಲ್ಲಿ,
ಆಲೂಗಡ್ಡೆ ಬೇಯುವಷ್ಟು ಹೊತ್ತು.
ಡಬ್ಬಿಗೆ ಹೋಗುವ ಮೊದಲು,
ಬೆನ್ನಿಗೆ ಗಾಳಿ ಕಟ್ಟಿಕೊಂಡು ಇಳಿಯುತ್ತಿದ್ದ ವಯಸ್ಸಿನಲ್ಲಿ
ಮೈ ಕಲಿತ ಪಾಠ ಅದು.
"ಈ ಗುಂಡಿ ಒತ್ತಿದ್ರೆ ಒಂದೇ ಸಲಕ್ಕೆ ಮೇಲೆ!" ಎಂದಳು ರಾಗ್ನಾ.
"ಅವಸರ ಏನಿದೆ," ಎಂದ ಇವನು.

ಹೋದ ಗುರುವಾರ ಅವನು ಕಾಫಿಗೆಂದು ಎದ್ದಾಗ
ನಾನು ಒತ್ತಿದೆ.
ಆ ಮನುಷ್ಯ ತಳದಿಂದ ಬೆಂಡಿನ ಹಾಗೆ ಚಿಮ್ಮಿದ,
ಒಂಬತ್ತು ಆರು ಮೂರು ಯಾವುದೂ ಇಲ್ಲ,
ಬಾಗಿಲಲ್ಲಿ "ಗುಡ್ವೈಗ್!" ಎಂದು ಕೂಗು,
ಕೀರಲು, ಹರಿದ ಕೂಗು.
ನಲವತ್ತು ವರ್ಷಕ್ಕೆ ನನ್ನ ಬಾತುಕೋಳಿ ಮರಳಿತ್ತು.

ಕಾಫಿ ಜಮಖಾನದ ಮೇಲೆ. ಅವನ ಕೈ ನನ್ನ ಕೈಯ ಮೇಲೆ.
ಇಬ್ಬರೂ ತೆರೆಯನ್ನೇ ನೋಡಿದೆವು.
ಅಲ್ಲಿ ಬಿಸಿಲು. ತೇಲುತ್ತಿರುವ ಮನುಷ್ಯ.
ಕಿವಿಯಿಂದ ಏನೂ ಸುರಿಯಲಿಲ್ಲ, ಕೀಲು ಮಡಚಿ ಕಿರುಚಲಿಲ್ಲ.
ಒಂದು ಕಡಲಹಕ್ಕಿ ಎಡದಿಂದ ಬಂದು ಬಲಕ್ಕೆ ಹೋಯಿತು.
ನಾವು ಇನ್ನೂ ಕಾದೆವು.

ಆಮೇಲೆ ಅವನು ಕುಳಿತು,
ಅವನನ್ನು ಮತ್ತೆ ತಳಕ್ಕೆ ಇಳಿಸಿದ,
ಒಲೆಯಿರುವ ಮನೆಯ ತನಕ.
ಅಲ್ಲಿಂದ ಸರಿಯಾಗಿ, ಕ್ರಮ ಪ್ರಕಾರ,
ಮೇಲಕ್ಕೆ.

ಬಾಗಿಲು ತಟ್ಟಿದಳು ರಾಗ್ನಾ. "ಅಜ್ಜ ಎಲ್ಲಿ?"
ಮೂರರಲ್ಲಿದ್ದಾನೆ, ಎಂದೆ.
ಬಾ, ಕೂತ್ಕೋ. ಗಲಾಟೆ ಮಾಡಬೇಡ.